ಛಾಟಿನ ಬುಟ್ಟಿ

ಮುಳಬಾಗಿಲು
ಭಾನುವಾರ, 12 ಮೇ 2024

ಪ್ರೀತಿಯ ಮುರಳಿ ಅಣ್ಣನಿಗೆ,

ಬೆನ್ನಿನ ಹೊಲಿಗೆ ಬಿಚ್ಚಿದರೆಂದು ವಾಣಿಶ್ರೀ ಅತ್ತಿಗೆ ನಿನ್ನೆ ಫೋನಿನಲ್ಲಿ ಹೇಳಿದರು. ಗಾಯ ಪೂರ್ತಿ ಒಣಗಿದೆಯೇ? ಮಗ್ಗುಲು ಬದಲಿಸುವಾಗ ಮೊದಲಿನಷ್ಟು ನೋವಿದೆಯೇ? ವೇಲೂರಿನ ಸೆಖೆಯಲ್ಲಿ ಆ ಬೆಲ್ಟು ಕಟ್ಟಿಕೊಂಡು ಇರುವುದು ಎಷ್ಟು ಕಷ್ಟ ಎಂದು ಇಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯಲು ನನಗೇ ಸಂಕೋಚ. ಇನ್ನೂ ಕೆಲವು ವಾರ ಬಗ್ಗಬಾರದು ಎಂದಿದ್ದಾರಂತೆ ಡಾಕ್ಟರು. "ಅವನು ಯಾವತ್ತು ಬಗ್ಗಿದ್ದ, ಈಗ ಬಗ್ಗೋಕೆ" ಅಂದಳು ಅಮ್ಮ. ಅಂದು, ಹುರಿಹಿಟ್ಟು ಮಾಡಲು ಒಳಗೆ ಹೋದಳು. ಅತ್ತಿಗೆಯ ತಮ್ಮ ಅನಿಲ್‌ಕುಮಾರ್ ಈ ಸಂಜೆ ಅಲ್ಲಿಗೆ ಹೊರಟಿದ್ದಾನೆ. ಹಿಟ್ಟು, ಯಲ್ದೂರಿನಿಂದ ಬಂದ ಬಾದಾಮಿ ಮಾವು, ಈ ಕಾಗದ ಮೂರೂ ಅವನ ಕೈಯಲ್ಲಿ ಬರುತ್ತವೆ. ಹಣ್ಣು ಮೊದಲು ತಿನ್ನು, ಕಾಗದ ಆಮೇಲೆ ಓದು. ಅದೇ ಒಳ್ಳೆಯ ಕ್ರಮ.

ಫೋನಿರುವಾಗ ಕಾಗದವೇಕೆ ಅನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆದರೆ "ಅದೆಲ್ಲ ನಿಂಗೆ ಗೊತ್ತಾಗಲ್ಲ ಕಣೇ ಸುನಂದಾ, ಇಡು" ಅಂತ ನೀನೇ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ಗುಂಡಿ ಇಲ್ಲ. ನನ್ನ ಕನ್ನಡ ಬರವಣಿಗೆ ನೋಡಿ ಕೋಳಿ ಕೆದಕಿದ ಹಾಗಿದೆ ಅಂತ ಚಿಕ್ಕಂದಿನಲ್ಲಿ ನೀನು ನಗುತ್ತಿದ್ದೆ. ಈಗಲೂ ಹಾಗೇ ಇದೆ, ನಕ್ಕು ಮುಂದಕ್ಕೆ ಓದು. ಆಸ್ಪತ್ರೆಗೆ ಹೊರಡುವಾಗ ನೀನು ಹೇಳಿದ್ದು ಇಷ್ಟೇ: "ಸ್ಕೂಲಿಗೆ ರಜಾ ಇದೆಯಲ್ಲ, ಕೋಲಾರದಿಂದ ಬಂದು ಅಮ್ಮನ ಜೊತೆ ಇರು. ಸಂಜೆ ಹೊತ್ತು ಜಗಲಿ ಮೇಲೆ ಸುಮ್ನೆ ಕೂತ್ಕೊ. ಮಾಲು ಗೀಲು ಎಲ್ಲಾ ವೆಂಕಟರಮಣಪ್ಪ ನೋಡ್ಕೊಳ್ತಾನೆ." ನಾನೂ ಹಾಗೇ ಅಂದುಕೊಂಡು ಬಂದೆ. ಬೀಡಿ ಏಜೆಂಟರ ಮನೆಯಲ್ಲಿ ಹುಟ್ಟಿಯೂ ನನಗೆ ಆ ಜಗಲಿ ಗೊತ್ತಿರಲಿಲ್ಲ. ನಾನು ಕೆ.ಜಿ.ಎಫ್.ನ ಹಾಸ್ಟೆಲಿನಲ್ಲಿ ಬೆಳೆದೆ. ರಜೆಗೆ ಬಂದಾಗಲೂ ಮಾಲು ಒಪ್ಪಿಸುವ ಹೊತ್ತಿಗೆ ಅಪ್ಪ ನನ್ನನ್ನು ಒಳಗೆ ಕಳಿಸುತ್ತಿದ್ದರು. ಹೊಗೆಸೊಪ್ಪಿನ ಘಾಟಿಗೆ ಸೀನು ಬರುತ್ತದೆ ಎಂಬ ಕಾರಣಕ್ಕೆ, ಎಂದೇ ನಾನು ನಂಬಿದ್ದೆ.

ಮೊದಲ ಸಂಜೆಯ ಕಥೆಯನ್ನು ನಿನ್ನ ಗುಮಾಸ್ತ ವೆಂಕಟರಮಣಪ್ಪ ತನ್ನ ಧಾಟಿಯಲ್ಲಿ ನಿನಗೆ ಹೇಳಿರುತ್ತಾನೆ. ನನ್ನ ಧಾಟಿಯಲ್ಲೂ ಕೇಳು. ಹಿಂದಿನ ಬೀದಿಯ ಹೆಂಗಸರು ಮೊರದಲ್ಲಿ ಬೀಡಿಕಟ್ಟು ಜೋಡಿಸಿಕೊಂಡು ಸಾಲಾಗಿ ಕೂತಿದ್ದರು. ಅವನು ಒಂದೊಂದೇ ಕಟ್ಟು ಬಿಚ್ಚಿ, ಹೆಬ್ಬೆರಳಿನಲ್ಲಿ ಅಮುಕಿ, "ಇದು ಲೂಸು", "ಇದರ ಮೂತಿ ಸೊಟ್ಟ", "ಇದಕ್ಕೆ ಸೊಪ್ಪು ತುಂಬಿದ್ಯೋ ಗಾಳಿ ತುಂಬಿದ್ಯೋ" ಅನ್ನುತ್ತ ಪಕ್ಕದ ಬಿದಿರುಬುಟ್ಟಿಗೆ ಎಸೆಯುತ್ತಿದ್ದ. ಹಾಗೆ ಎಸೆದದ್ದು ಛಾಟು, ಅದಕ್ಕೆ ಕೂಲಿ ಇಲ್ಲ ಎಂಬಷ್ಟು ನನಗೂ ಗೊತ್ತಿತ್ತು. ಗಂಗಾಲಕ್ಷ್ಮಿ ಎಂಬ ಹುಡುಗಿ, ಮದುವೆಯಾಗಿ ತಾಯಲೂರಿನಿಂದ ಬಂದವಳು, ಅವಳ ಮೊರದ ಕಾಲು ಭಾಗ ಬುಟ್ಟಿಗೆ ಹೋಯಿತು. ಅವಳು ಬುಟ್ಟಿಯನ್ನೇ ನೋಡುತ್ತಿದ್ದಳು. ಎಲ್ಲ ಮುಗಿದು ಹೆಂಗಸರು ಚಪ್ಪಲಿ ಹುಡುಕುತ್ತಿದ್ದಾಗ ನನಗೆ ಅಂಗಳದ ಕರಿಬೇವಿನ ಗಿಡ ಕಣ್ಣಿಗೆ ಬಿತ್ತು. ಎಲೆಯ ತುಂಬ ಹೇನು. ಹೊಗೆಸೊಪ್ಪು ನೆನೆಸಿದ ನೀರು ಹೇನಿಗೆ ಒಳ್ಳೆಯದು ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು. ಹೇಗೂ ಕಸವಲ್ಲವೇ ಎಂದು ಆ ಬುಟ್ಟಿ ಎತ್ತಿ, ನೀರು ತುಂಬಿದ್ದ ದೊಡ್ಡ ಬಕೆಟ್ಟಿಗೆ ಸುರಿದು ಕೋಲಿನಿಂದ ಕದಡಿಬಿಟ್ಟೆ.

ವೆಂಕಟರಮಣಪ್ಪ ಕಿರುಚಿದ ರೀತಿಗೆ ಅಮ್ಮ ಒಳಗಿನಿಂದ ಓಡಿ ಬಂದಳು. "ಅಯ್ಯೋ ಮೇಡಂ! ಏನ್ ಮಾಡ್ಬಿಟ್ರಿ! ಒಳ್ಳೇ ಮಾಲು ಕಣ್ರೀ ಅದು, ಒಳ್ಳೇ ಮಾಲು!" ಆಮೇಲೆ ಗಂಗಾಲಕ್ಷ್ಮಿ, ಚಪ್ಪಲಿ ಕೈಯಲ್ಲೇ ಇತ್ತು, "ಒಳ್ಳೇ ಮಾಲಾ? ಈಗ ತಾನೆ ಮೂತಿ ಸೊಟ್ಟ ಅಂದ್ಯಲ್ಲಣ್ಣೋ! ನೀರಿಗೆ ಬಿದ್ದಿದ್ದಕ್ಕೆ ನೆಟ್ಟಗಾಯ್ತಾ?" ಅಂದಳು. ಅಣ್ಣ, ಆ ನಗು ನೀನು ಕೇಳಬೇಕಿತ್ತು. ಶಾಮಲಮ್ಮ, ನಮ್ಮ ಅಪ್ಪನ ಕಾಲದಿಂದ ಸುತ್ತುತ್ತಿರುವವಳು, ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬಕ್ಕೆ ಒರಗಿ ಕೂತುಬಿಟ್ಟಳು. ಬುಟ್ಟಿಯ ಬೀಡಿ ಹಿಂದಿನ ಕೋಣೆಯಲ್ಲಿ ಮತ್ತೆ ಕಟ್ಟಾಗಿ, ಒಳ್ಳೆಯ ಮಾಲಿನ ಜೊತೆ ಕಂಪನಿಗೆ ಹೋಗುತ್ತದೆ ಎಂಬುದು ಆ ಬೀದಿಯ ಮಗುವಿಗೂ ಗೊತ್ತಂತೆ. ಬಾಯಿಬಿಟ್ಟು ಹೇಳಿದವರು ಮಾತ್ರ ಇರಲಿಲ್ಲ. ಹೇಳಿದವನು ಕೊನೆಗೆ ನಿನ್ನ ವೆಂಕಟರಮಣಪ್ಪನೇ ಆದ.

ಮರುದಿನ ನಾನೇನೂ ಹೇಳಿಕೊಡಲಿಲ್ಲ, ನಂಬು. ಅವನು ಶಾಮಲಮ್ಮನ ಮೊರದಿಂದ ಒಂದು ಬೀಡಿ ತೆಗೆದು ಬುಟ್ಟಿಗೆ ಎಸೆದ. ಅವಳು ಅದನ್ನು ಎತ್ತಿಕೊಂಡು, ಎರಡು ಬೆರಳಲ್ಲಿ ತಿರುಚಿ, ಪುಡಿಯನ್ನು ಅದೇ ಬುಟ್ಟಿಗೆ ಉದುರಿಸಿ, "ಕೆಟ್ಟದ್ದಲ್ವೇನಪ್ಪಾ, ನಿಂಗ್ಯಾಕೆ ತೊಂದ್ರೆ, ನಾನೇ ಮುರಿದು ಕೊಡ್ತೀನಿ" ಅಂದಳು. ಅವನು ಇನ್ನೊಂದು ಎಸೆದ. ಅವಳು ಅದನ್ನೂ ಮುರಿದಳು. ಪಕ್ಕದವಳೂ ಹಾಗೇ, ಅವಳ ಪಕ್ಕದವಳೂ ಹಾಗೇ. ಇಡೀ ದಿನ ಬೆನ್ನು ಬಗ್ಗಿಸಿ ತಾನೇ ಸುತ್ತಿದ್ದನ್ನು ತಾನೇ ಮುರಿಯುವಾಗ ಆ ಕೈಗಳು ಹೇಗಿದ್ದವು ಎಂದು ಬರೆಯಲು ನನ್ನ ಕನ್ನಡ ಸಾಲದು. ವಾರ ಕಳೆಯುವುದರೊಳಗೆ ಪವಾಡವೇ ಆಯಿತು. ಅದೇ ಎಲೆ, ಅದೇ ಸೊಪ್ಪು, ಅದೇ ಹೆಂಗಸರು. ಛಾಟು ಮಾತ್ರ ಬುಟ್ಟಿಯ ತಳ ಮುಚ್ಚುವಷ್ಟೂ ಇಲ್ಲ! ಮುರಿದು ಪುಡಿಯಾಗುವುದಾದರೆ ಎಸೆಯುವವನಿಗೆ ಏನು ಲಾಭ ಹೇಳು.

ಆಮೇಲೆ ನಿನ್ನ ಫೋನು ಬಂತು. ನನಗಲ್ಲ, ಅವನಿಗೆ. ಮರುದಿನ ಬೆಳಿಗ್ಗೆ ಹೆಂಗಸರು ಸುತ್ತುವ ಎಲೆ ಒಯ್ಯಲು ಬಂದರೆ ಗೋಡೌನಿಗೆ ಬೀಗ. "ಈ ಬೀದಿಗೆ ಎಲೆ ಇಲ್ಲ, ಯಜಮಾನರ ಆರ್ಡರು. ಶ್ರೀನಿವಾಸಪುರದ ಕಡೆಯವ್ರು ಬಾಯಿ ಮುಚ್ಕೊಂಡು ಸುತ್ತಿಕೊಡ್ತಾರೆ" ಅಂದ. ಗಂಗಾಲಕ್ಷ್ಮಿ ಬಾಗಿಲಿನಿಂದ ಕದಲಲಿಲ್ಲ. "ಏಮಣ್ಣಾ, ಎಲೆ ನಿಮ್ಮ ಯಜಮಾನ್ರ ತೋಟದಲ್ಲಿ ಬೆಳೆದದ್ದಾ?" ಅಂತ ಕೇಳಿದಳು. ಅವನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಸುತ್ತುವುದನ್ನು ಬಿಟ್ಟು ಬೇರೆ ಕಸುಬು ಆ ಮನೆಗಳಲ್ಲಿ ಇಲ್ಲ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಹಾಗೆ ಮಾಡಿದೆ. ಮಧ್ಯಾಹ್ನ ಶಾಮಲಮ್ಮ ಒಬ್ಬಳೇ ಬಂದು ಜಗಲಿಯ ಅಂಚಿನಲ್ಲಿ ಕೂತಳು. ಬಯ್ಯುತ್ತಾಳೆ ಅಂದುಕೊಂಡೆ. "ನೀವು ಇಂಗ್ಲಿಷು ಓದಿದವ್ರು. ಬೀಡಿಯವ್ರಿಗೂ ಒಂದು ಕಾನೂನೈತಂತೆ, ಹೌದಾ? ಇದ್ರೆ ಓದಿ ಹೇಳಮ್ಮಾ. ಇಲ್ದಿದ್ರೆ ಇಲ್ಲ ಅಂತ್ಲಾದ್ರೂ ಹೇಳು" ಅಂದಳು.

ಇದೆ ಅಣ್ಣ. ನಾವಿಬ್ಬರೂ ಹುಟ್ಟುವ ಮುಂಚಿನಿಂದಲೂ ಇದೆ, 1966ರದು. ಮನೆಯಲ್ಲಿ ಕೂತು ಸುತ್ತುವವಳೂ ಕಾರ್ಮಿಕಳೇ ಎಂದು ಅದು ಹೇಳುತ್ತದೆ. ಎಲೆ, ಸೊಪ್ಪು ಕೊಡುವ ವಿಷಯ, ಛಾಟು ಎಸೆಯುವ ವಿಷಯ, ಎಸೆದದ್ದರ ಕೂಲಿ, ಇವುಗಳಲ್ಲಿ ತಕರಾರಿದ್ದರೆ ಸರ್ಕಾರದ ಅಧಿಕಾರಿಯ ಮುಂದೆ ಇಡಬಹುದು ಎನ್ನುತ್ತದೆ. ನೂರಕ್ಕೆ ಐದಕ್ಕಿಂತ ಹೆಚ್ಚು ಸಾಮಾನ್ಯವಾಗಿ ಎಸೆಯುವ ಹಾಗಿಲ್ಲ ಎಂದು ಅದರ ನಿಯಮದಲ್ಲಿದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡಕ್ಕೆ ತಂದು, ಅರ್ಧ ಜನಕ್ಕೆ ಶಾಮಲಮ್ಮ ಅದನ್ನು ತೆಲುಗಿಗೆ ತಿರುಗಿಸಿ, ಹೀಗೆ ನಮ್ಮ ಜಗಲಿಯಲ್ಲೇ ಓದಿದೆವು. ಆ 'ಸಾಮಾನ್ಯವಾಗಿ' ಎಂಬ ಸಂದಿನಲ್ಲಿ ವೆಂಕಟರಮಣಪ್ಪ ಒಂದು ಚೀಲ ಬೀಡಿ ನುಗ್ಗಿಸಿಬಿಡುತ್ತಾನಲ್ಲ ಎಂದು ನಾನು ತಡವರಿಸಿದ್ದೂ ನಿಜ. ಅವನು ಬಾಗಿಲಲ್ಲಿ ನಿಂತು, "ಓದಿ ಓದಿ, ಆ ಕಾನೂನನ್ನೇ ತೆಗೆದು ಹೊಸದು ತರ್ತಾರಂತೆ, ಪೇಪರ್ನಲ್ಲಿ ಬಂದಿತ್ತು" ಅಂದ. "ತೆಗೆಯೋವರ್ಗೂ ಐತಲ್ಲಾ" ಅಂದಳು ಗಂಗಾಲಕ್ಷ್ಮಿ. ಅರ್ಜಿ ಅವರದು, ಬರೆದವಳು ನಾನು. ಕೋಲಾರಕ್ಕೆ ಹೋಗಿ ಕೊಟ್ಟು ಬಂದವರು ಅವರೇ, ಬಸ್ಸಿನಲ್ಲಿ, ಒಬ್ಬರನ್ನೊಬ್ಬರು ರೇಗಿಸಿಕೊಂಡು. ಈ ಗುರುವಾರ ಅಲ್ಲಿನ ಅಧಿಕಾರಿ ಎರಡೂ ಕಡೆಯವರನ್ನು ಕರೆದಿದ್ದಾರೆ. ನೋಟೀಸು ನಿನ್ನ ಹೆಸರಿಗೆ ಬಂದಿದೆ.

ಅದಕ್ಕೆ ನೀನು ಹೇಳಿಕಳಿಸಿದ್ದು ನನಗೆ ಮುಟ್ಟಿದೆ. "ಸುನಂದ ಹೋಗ್ಲಿ, ಆಫೀಸರ್ ಹತ್ರ ಇಂಗ್ಲಿಷಲ್ಲಿ ನಾಲ್ಕು ಮಾತಾಡಿ ಬರ್ಲಿ. ಛಾಟೆಲ್ಲಾ ವಾರವಾರ ಸುಡ್ತೀವಿ ಅಂತ ಹೇಳಿದ್ರೆ ಆಯ್ತು, ಮನೆ ಮಗಳ ಮಾತು ಯಾರು ಬೇಡ ಅಂತಾರೆ." ಈ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಮೊದಲು ನಾನು ನನ್ನನ್ನೇ ಒಂದಿಷ್ಟು ಕೇಳಿಕೊಂಡೆ. ತಿಂಗಳ ಸಂಬಳ ಬರುವವಳು ನಾನು. ಜೂನಿನಲ್ಲಿ ಸ್ಕೂಲು ತೆರೆದರೆ ಕೋಲಾರಕ್ಕೆ ಹೋಗಿಬಿಡುತ್ತೇನೆ. ಈ ಧೈರ್ಯ ನನ್ನದೋ ಆ ಸಂಬಳದ್ದೋ? ನನ್ನನ್ನು ಇಂಗ್ಲಿಷು ಓದಿಸಿದ್ದರಲ್ಲೂ ಆ ಬುಟ್ಟಿಯ ಪಾಲಿರಬೇಕಲ್ಲವೇ? ಇದ್ದರೆ, ಅದು ಬಾಯಿ ಮುಚ್ಚಿಕೊಳ್ಳಲು ಕಾರಣವೋ, ಬಾಯಿ ಬಿಡಲು ಕಾರಣವೋ? ನಿನ್ನ ಕಷ್ಟವನ್ನೂ ಮರೆತಿಲ್ಲ. ಕಂಪನಿ ನಿನಗೆ ತೂತುಬಿದ್ದ ಎಲೆ ತೂಗಿ ಕೊಟ್ಟು, ಇಷ್ಟೇ ಬೀಡಿ ಬರಬೇಕು ಎಂದು ಕೂರುತ್ತದೆ. ಕಡಿಮೆ ಬಿದ್ದದ್ದನ್ನು ನೀನು ಬುಟ್ಟಿಯಿಂದ ತುಂಬುತ್ತೀಯ. ಅಪ್ಪನೂ ಹಾಗೇ ತುಂಬಿರಬೇಕು. ಮೇಲಿನಿಂದ ಒತ್ತಿದ್ದನ್ನು ಕೆಳಗೆ ಒತ್ತಿದ್ದೇವೆ, ಅಷ್ಟೇ. ಆದರೆ ಕಾಯ್ದೆ ಕಂಪನಿಯನ್ನೂ ಬಿಟ್ಟಿಲ್ಲ ಅಣ್ಣ. ಏಜೆಂಟನ ಹಿಂದೆ ಅಡಗುವವರನ್ನೂ ಹೊಣೆ ಅನ್ನುತ್ತದೆ. ಕೆಟ್ಟ ಎಲೆಯ ಲೆಕ್ಕ ನೀನು ಯಾಕೆ ಕೇಳಬಾರದು? ನೀನು ಕೇಳಿದರೆ ಆ ಹೆಂಗಸರೆಲ್ಲ ನಿನ್ನ ಹಿಂದೆ ನಿಲ್ಲುತ್ತಾರೆ. ಶಾಮಲಮ್ಮನೇ ಹೇಳಿದಳು: "ಮುರಳಪ್ಪನ ಮೇಲೆ ನಂಗೇನು ಹಗೆ, ನನ್ನ ಸೊಂಟದ ಮೇಲೆ ಆಡಿದ ಕೂಸು. ಬೆನ್ನು ಹುಷಾರಾಗ್ಲಿ, ಆಮೇಲೆ ಜಗಳ ಆಡ್ತೀವಿ."

ನಾವು ಕಾನೂನು ಓದುವಾಗ ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ಎಲ್ಲರಿಗೂ ಕಾಫಿ ತಂದಳು, ವೆಂಕಟರಮಣಪ್ಪನನ್ನು ಬಿಟ್ಟು. ಅದನ್ನು ಮರೆವು ಅನ್ನಬೇಕೋ ಏನೋ, ನಿನಗೇ ಬಿಡುತ್ತೇನೆ.

ಮಾತ್ರೆ ತಪ್ಪಿಸಬೇಡ. ಲಾಡ್ಜಿನ ಮೆಟ್ಟಿಲನ್ನು ಒಬ್ಬನೇ ಇಳಿಯಬೇಡ, ಅತ್ತಿಗೆಯ ಕೈ ಹಿಡಿದುಕೊಂಡರೆ ಮರ್ಯಾದೆ ಹೋಗುವುದಿಲ್ಲ. ಅತ್ತಿಗೆಗೆ ನನ್ನ ನೆನಪು ಹೇಳು, ಅವರ ಮಲ್ಲಿಗೆ ಬಳ್ಳಿಗೆ ದಿನವೂ ನೀರು ಹಾಕುತ್ತಿದ್ದೇನೆ. ಅಮ್ಮನ ಆಶೀರ್ವಾದ ಹುರಿಹಿಟ್ಟಿನ ಡಬ್ಬಿಯಲ್ಲೇ ಇದೆ. ನೆಟ್ಟಗೆ ನಿಂತು ನಡೆಯುವ ಹಾಗಾಗಿ ಬೇಗ ಮನೆಗೆ ಬಾ.

ನಿನ್ನ ತಂಗಿ,
ಸುನಂದ

ತಾ.ಕ.: ಅನಿಲ್ ಹೊರಗೆ ಆಟೋ ನಿಲ್ಲಿಸಿಕೊಂಡು "ಅಕ್ಕಾ, ಬಸ್ಸು ಹೋಗುತ್ತೆ" ಅಂತ ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗುರುವಾರ ಹೋಗುತ್ತೇನೆ. ನಾಲ್ಕು ಮಾತೂ ಆಡುತ್ತೇನೆ, ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ. ಸುಡುವುದನ್ನು ನಾನು ನೋಡಿಲ್ಲ, "ಒಳ್ಳೇ ಮಾಲು" ಅಂದದ್ದನ್ನು ಕೇಳಿದ್ದೇನೆ. ಎರಡನ್ನೂ ಹೇಳುತ್ತೇನೆ, ಹೆಂಗಸರ ಕಡೆಯ ಬೆಂಚಿನಲ್ಲಿ ಕೂತು. ಗೋಡೌನಿನ ಇನ್ನೊಂದು ಬೀಗದ ಕೈ ಅಮ್ಮನ ಸೊಂಟದಲ್ಲಿ ಇರುವುದನ್ನು ನೀನು ಮರೆತಿದ್ದೆ. ನಾನು ಕೇಳಲಿಲ್ಲ, ಇವತ್ತು ಬೆಳಿಗ್ಗೆ ಅವಳೇ ಬಿಚ್ಚಿ ಕೊಟ್ಟಳು. ಎಲೆ ಹಂಚಿ ಆಯಿತು, ಬೀದಿಯಲ್ಲಿ ಎಲೆ ಕತ್ತರಿಸುವ ಸದ್ದು ಇಲ್ಲಿಗೂ ಕೇಳುತ್ತಿದೆ. ಬುಟ್ಟಿಯನ್ನು ಹುಡುಕಬೇಡ. ಹಿತ್ತಲಲ್ಲಿ ಅಮ್ಮ ಅದನ್ನು ಬೋರಲು ಹಾಕಿ, ಕೋಳಿಮರಿ ಮುಚ್ಚಿದ್ದಾಳೆ.