ಸಣ್ಣ ಟಚಪ್

ನವೆಂಬರ್ ೧೩, ಗುರುವಾರ

"ಒಂದು ಸಣ್ಣ ಟಚಪ್ ಅಷ್ಟೇ ಮೇಡಂ, ಹೆದರ್ಕೋಬೇಡಿ" ಅಂದರು ಡಾಕ್ಟರು. ಕಣ್ಣಿಗೆ ಎರಡನೇ ಸಲ ಲೇಸರ್ ಆಪರೇಷನ್ ಮಾಡುವುದಕ್ಕೆ ಅವರಿಟ್ಟ ಹೆಸರು ಅದು. ಫೋಟೋ ಸ್ಟುಡಿಯೋದಲ್ಲಿ ಕೂತು ದಿನವಿಡೀ ಊರವರ ಮೊಡವೆ ಅಳಿಸುವ ನನಗೇ ಟಚಪ್ ಹೇಳಿಕೊಡುತ್ತಾರೆ! ನಾನು ಅಳಿಸುವುದು ಫೋಟೋದಲ್ಲಿ. ಮೊಡವೆ ಅವರವರ ಮುಖದಲ್ಲೇ ಮನೆಗೆ ಹೋಗುತ್ತದೆ.

ಮೊದಲ ಸಲ, "ಈ ಜನ್ಮದಲ್ಲಿ ಕನ್ನಡಕ ಮುಟ್ಟಲ್ಲ ನೀವು" ಅಂದಿದ್ದರು. ವರ್ಷ ತುಂಬುವುದರೊಳಗೆ ಬಸ್ಸಿನ ಬೋರ್ಡು ಮತ್ತೆ ಮಸುಕು. ಈಗ "ಸ್ವಲ್ಪ ಪವರ್ ಉಳ್ಕೊಂಡಿದೆ" ಅಂತೆ. ಉಳಿಸಿಕೊಂಡವಳು ನಾನೋ?

ಅಕ್ಕನಿಗೆ ಫೋನ್ ಮಾಡಿದೆ. "ಬೇಡ ಕಣೇ ಅಂತ ಬಡ್ಕೊಂಡೆ, ಕೇಳಿದ್ಯಾ?" ಅಂದಳು. ಅವಳ ದನಿಯಲ್ಲಿದ್ದ ಖುಷಿ ಕಾಣಿಸುವುದಕ್ಕೆ ಯಾವ ಕನ್ನಡಕವೂ ಬೇಕಾಗಲಿಲ್ಲ.

ಇವತ್ತು ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ಎದುರು ಗೋಡೆಯ ಮೇಲೆ ಯಾರೋ ಹೆಂಗಸಿನ ದೊಡ್ಡ ಫೋಟೋ. ಹಲ್ಲು ಕಿರಿಯುತ್ತಿದ್ದಾಳೆ ಅನ್ನುವಷ್ಟು ಮಾತ್ರ ಕಂಡಿತು. ಇವಳಿಗೇನಪ್ಪಾ ಇಷ್ಟು ಸಂಭ್ರಮ ಎಂದು ಹೊಟ್ಟೆ ಉರಿದು, ಎದ್ದು ಹತ್ತಿರ ಹೋಗಿ ನೋಡಿದೆ. ನಾನೇ! ಮೊದಲ ಆಪರೇಷನ್ ಮುಗಿದ ಖುಷಿಗೆ ನಮ್ಮ ಸ್ಟುಡಿಯೋದಲ್ಲೇ ತೆಗೆಸಿಕೊಂಡು, ಡಾಕ್ಟರಿಗೆ ನಾನೇ ಕೊಟ್ಟಿದ್ದ ಫೋಟೋ. ಕನ್ನಡಕ ಕೂತು ಕೂತು ಮೂಗಿನ ಮೇಲೆ ಬಿದ್ದಿದ್ದ ಎರಡು ಗುಳಿಗಳನ್ನು ಎಷ್ಟು ಚೆನ್ನಾಗಿ ಅಳಿಸಿದ್ದೇನೆ. ಹುಡುಕಿದರೂ ಸಿಗುವುದಿಲ್ಲ.

ಸೋಮವಾರ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಇನ್ನೇನು ಹೇಳಲಿ?

ಈಗ ಮೂಗಿನ ಮೇಲೆ ಬೆರಳಾಡಿಸಿದೆ. ಎರಡು ಗುಳಿಗಳೂ ಅಲ್ಲೇ ಇವೆ, ಕನ್ನಡಕಕ್ಕೆ ಸೀಟು ಹಿಡಿದುಕೊಂಡು.