ನಾನು ತಲೆಯಾಡಿಸಿದ್ದು

ಆವನಿ
14 ಜುಲೈ 2025

ಪ್ರೀತಿಯ ಶ್ವೇತಕ್ಕ,

ಹೇಗಿದ್ದೀಯೆ? ಮಂಗಳೂರಿನ ಮಳೆಗೆ ಬಂದಿದ್ದ ತಲೆನೋವು ಇಳಿಯಿತೆ? ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾತ್ರೆ ಕೊಡುತ್ತ ನಿನ್ನದನ್ನು ಮರೆಯುವವಳು ನೀನು. ಅಮ್ಮ ಚೆನ್ನಾಗಿದ್ದಾಳೆ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವುದರಲ್ಲೇ ಅವಳ ದಿನ ಮುಗಿಯುತ್ತದೆ. ಅವಳೆದುರು ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ಮುರಳಿಮೋಹನ್ ಜೊತೆ ಜಗಳವಾಗಿ ನಾನು ತವರಿಗೆ ಬಂದ ಮೇಲೆ ಅವರು ಚಂದನಳನ್ನು ಸ್ಕೂಲಿನಿಂದಲೇ ಕರೆದೊಯ್ದದ್ದು ನಿನಗೆ ಗೊತ್ತು. ಮಗಳನ್ನು ನನಗೆ ಕೊಡಿಸಿ ಎಂದು ಕೋರ್ಟಿಗೆ ಹೋದೆ. ನನ್ನ ಗಂಡ ಅದೇ ಕೋರ್ಟಿನ ವಕೀಲರಲ್ಲವೆ, ನನ್ನ ಪರ ನಿಲ್ಲುವವರು ಒಬ್ಬರೂ ಸಿಗಲಿಲ್ಲ. ನರಸಿಂಹಪ್ಪ ವಕೀಲರಂತೂ ಬಾಗಿಲಲ್ಲೇ, "ದಿನಾ ಅವರ ಪಕ್ಕದಲ್ಲೇ ಕೂತ್ಕೊಳೋನಮ್ಮಾ ನಾನು, ತಪ್ಪು ತಿಳ್ಕೋಬೇಡ" ಎಂದು ಕಳಿಸಿಬಿಟ್ಟರು. ಕೊನೆಗೆ ನನ್ನ ಕೇಸು ನಾನೇ ನಡೆಸುತ್ತೇನೆಂದು ನಿಂತೆ. ಮೊದಲ ದಿನ ಆ ಕಡೆಯ ವಕೀಲರು ತಮ್ಮ ಅರ್ಜಿಯ ಪ್ರತಿಯೊಂದನ್ನು ನನ್ನ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿ ಏನೋ ಓದಿ, "ಏನಮ್ಮಾ, ಅಬ್ಜೆಕ್ಷನ್ ಇಲ್ಲ ಅಲ್ವಾ?" ಎಂದು ನನ್ನತ್ತ ತಿರುಗಿದರು. ಆ ಪ್ರತಿ ತೆಗೆದುಕೊಳ್ಳಲು ಅಭ್ಯಂತರವಿಲ್ಲವಲ್ಲ ಎಂದು ಕೇಳುತ್ತಿದ್ದಾರೆಂದುಕೊಂಡು ತಲೆಯಾಡಿಸಿದೆ. ಕೇಸು ಮುಗಿಯುವವರೆಗೆ ಮಗು ಅಪ್ಪನ ಬಳಿಯೇ, ನನಗೆ ಭಾನುವಾರ ಮಾತ್ರ ಎಂದು ಆದೇಶವಾಯಿತು.

ಹೋದ ವಾರ ಧೈರ್ಯ ಮಾಡಿ, "ಸ್ವಾಮಿ, ಅವತ್ತು ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ" ಎಂದೆ. ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅರ್ಜಿಯನ್ನು ಕನ್ನಡದಲ್ಲಿ ಓದಿಸಿದರು, ಉತ್ತರ ಬರೆದು ತರಲು ಸಮಯ ಕೊಟ್ಟರು. "ಉಚಿತವಾಗಿ ವಕೀಲರನ್ನ ಕೊಡಿಸ್ತೀವಮ್ಮ" ಎಂದೂ ಹೇಳಿದರು. ಆದರೆ ಕೊಡಿಸಿದ್ದು ನರಸಿಂಹಪ್ಪನವರನ್ನೇ! ಬೇಡವೆಂದು ಕೈಮುಗಿದೆ. ಆದೇಶ ಇನ್ನೂ ಹಾಗೆಯೇ ಇದೆ ಅಕ್ಕ. ಅಲ್ಲಿ ಬಾಯಿ ಬಿಟ್ಟರೆ ತಪ್ಪು ಮಾತು ಬರುತ್ತದೇನೋ ಎಂಬ ಹೆದರಿಕೆ, ಸುಮ್ಮನಿದ್ದರೆ ಒಪ್ಪಿದ ಹಾಗೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ರಜನಿ

ಅಕ್ಕ, ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ: ಮುಂದಿನ ಸಲ ನ್ಯಾಯಾಧೀಶರು ಚಂದನಳನ್ನೇ ತಮ್ಮ ಕೋಣೆಗೆ ಕರೆದು, ಯಾರ ಬಳಿ ಇರುತ್ತೀಯೆಂದು ಕೇಳುತ್ತಾರಂತೆ. ನಿನ್ನೆ ಅವಳು ನನ್ನ ಕಿವಿಯಲ್ಲಿ, "ನಿನ್ ಹತ್ರ ಇರ್ತೀನಿ ಅಂದ್ರೆ ನಿನ್ನ ಜೈಲಿಗೆ ಹಾಕ್ತಾರಂತಮ್ಮಾ. ಅದಕ್ಕೇ ಅಪ್ಪನೇ ಬೇಕು ಅಂತೀನಿ, ನೀನು ಅಳ್ಬೇಡ" ಎಂದಳು. ಇದನ್ನು ಕೋರ್ಟಿನಲ್ಲಿ ಹೇಳಿದರೆ, ಮಗುವಿಗೆ ನಾನೇ ಹೇಳಿಕೊಟ್ಟೆ ಎನ್ನುತ್ತಾರೆ.