ದಾರ ಕಟ್ಟಿದ ಕಡೆ ಕೆಳಗೆ

ಅಂಗಡಿಯ ಮೇಲಿನ ಮನೆಯಿಂದ,
ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆಯನ್ನು ಮಗಳೇ ಅಂತ ಕರೆದರೆ ಅತ್ತೆಗೆ ಏನೋ ಕೆಲಸ ಆಗಬೇಕಾಗಿದೆ ಅಂತ ನೀನು ನಗುತ್ತೀಯ. ಆಗಬೇಕಾಗಿದೆ, ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಕೆಮ್ಮು ಹೇಗಿದೆ ಅದನ್ನು ಬರೆ. ಹಲ್ಲಿನ ಸೆಟ್ಟು ಮಾಡುವ ವಿದ್ಯೆ ಕಲಿಯೋದೇನೋ ಸರಿ, ಆ ಪ್ಲಾಸ್ಟರಿನ ಪುಡಿ ಎಲ್ಲ ಎದೆಗೆ ಹೋದರೆ ಏನು ಗತಿ? ನಾನು ಹೊಲಿದು ಕಳಿಸಿದ ಮಾಸ್ಕುಗಳನ್ನೆಲ್ಲ ಜೊತೆಯವರಿಗೆ ಹಂಚಿ ನೀನು ಬರೀ ಮೂಗಿನಲ್ಲಿ ಕೂತಿರುತ್ತೀಯ. ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಮಾವನ ಮಂಡಿ ಚಳಿಗೆ ಹಿಡಿದುಕೊಂಡಿತ್ತು, ಈಗ ಬಿಟ್ಟಿದೆ. ಮುಂದಿನ ಎರಡು ಹಲ್ಲು ಹೋದಮೇಲೆ ಗುಂಡಿ ಹೊಲಿದ ದಾರವನ್ನು ಕಚ್ಚಿ ಹರಿಯೋಕೆ ಆಗದೆ ಪ್ರತಿ ಗುಂಡಿಗೂ ನನ್ನ ಕತ್ತರಿ ಕೇಳುತ್ತಾರೆ. ಡಾಕ್ಟರ ಹತ್ತಿರ ಹೋಗಿ ಅಂದರೆ, "ನನ್ನ ಸೊಸೆ ಮಾಡಿಕೊಡ್ತಾಳೆ, ನಿಂಗೇನು ಅವಸರ" ಅಂತ ನನ್ನ ಬಾಯಿ ಮುಚ್ಚಿಸುತ್ತಾರೆ. ಕತ್ತರಿ ನನ್ನದು, ಅವಸರ ನನ್ನದಲ್ಲವಂತೆ!

ಫೋನು ಇರುವಾಗ ಕಾಗದ ಯಾಕೆ ಅಂತೀಯಾ? ಫೋನು ಬಂದ ತಕ್ಷಣ ಈ ಮನುಷ್ಯ ಅದನ್ನು ಸ್ಪೀಕರಿಗೆ ಹಾಕಿ ಇಸ್ತ್ರಿ ಮೇಜಿನ ಮೇಲೆ ಇಡುತ್ತಾರೆ. ಅಳತೆ ಕೊಡಲು ಬಂದವರೆಲ್ಲ ನಿನ್ನ ಕ್ಷೇಮ ಕೇಳಿಸಿಕೊಳ್ಳುತ್ತಾರೆ. ಹೋದ ಭಾನುವಾರ ನೀನು ಒಂದೇ ಉಸಿರಿನಲ್ಲಿ ಎರಡು ವಿಷಯ ಹೇಳಿದೆ. ಕಲಿಸಿದ ಜಾಗದಲ್ಲೇ ಕೆಲಸ ಕೊಡುತ್ತೇವೆ ಅಂದಿದ್ದಾರೆ, ಆದರೆ ನಿಮ್ಮಿಬ್ಬರನ್ನು ಬಿಟ್ಟು ಹೇಗೆ ಇರಲಿ, ಬೇಡ ಅನ್ನುತ್ತೇನೆ ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ, "ಬಳ್ಳಿ ಹೇಗಿದೆ?" ಅಂದೆ. ನಿಮ್ಮ ಮಾವ "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಹೇಳಿ ಫೋನು ಇಟ್ಟೇಬಿಟ್ಟರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನೀನು ಊಹಿಸಿಯೇ ಇರುತ್ತೀಯ. ಆ ಬಳ್ಳಿಯ ಕಥೆ ಪೂರ್ತಿ ಹೇಳದೆ ಕೆಲಸದ ಮಾತು ಆಡೋದು ನನಗೆ ಸರಿ ಕಾಣಲಿಲ್ಲ.

ನೀನು ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಈ ಗೆಣಸಿನ ಬಳ್ಳಿಗೆ ಹೆಪ್ಪುಗಟ್ಟುವ ಮಂಜು ತಾಗಿದರೆ ಒಂದೇ ಬೆಳಗಿಗೆ ಕಪ್ಪಾಗಿ ಜೋತುಬೀಳುತ್ತದೆ, ಅದಕ್ಕೆ ಮೊದಲೇ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೀರಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಿ, ಮಣ್ಣಿನೊಳಗಿನ ಗೆಡ್ಡೆಯನ್ನು ಅಗೆದು ಒಣಗಿದ ಜಾಗದಲ್ಲಿ ಇಡಿ ಅಂದೆ. ಇಷ್ಟೇ. ನಲವತ್ತು ವರ್ಷದಿಂದ ಬಟ್ಟೆ ಕತ್ತರಿಸಿದವಳಿಗೆ ಬಳ್ಳಿ ಕತ್ತರಿಸೋದು ಯಾವ ಮಹಾ ಅಂತ ನಾನು ತಲೆಯಾಡಿಸಿದೆ. ಅಲ್ಲೇ ಎಡವಿದ್ದು.

ಆಸ್ಪತ್ರೆಯವರ ಸಮವಸ್ತ್ರದ ಕೆಲಸ ಬಂದು ನಾವಿಬ್ಬರೂ ಮೂಗಿನವರೆಗೆ ಮುಳುಗಿದ್ದೆವು. ಒಂದು ಸಂಜೆ ರೇಡಿಯೋದಲ್ಲಿ ನಾಳೆ ಮಂಜು ಬೀಳುತ್ತದೆ ಅಂದರು. ಬಾಲ್ಕನಿಗೆ ಓಡಿದೆ. ಎರಡೂ ಬಳ್ಳಿಗಳನ್ನು, ಕರಿ ಎಲೆಯದನ್ನೂ ಗಿಳಿಹಸಿರಿನದನ್ನೂ, ಬುಡದಿಂದ ಕತ್ತರಿಸಿ ತಂದು ಕಟಿಂಗ್ ಮೇಜಿನ ಮೇಲೆ ಉದ್ದಕ್ಕೆ ಹಾಸಿದೆ. ತುದಿ ಮಾತ್ರ ಯಾಕೆ, ಇಷ್ಟು ಉದ್ದ ಇದೆ, ದಂಡ ಮಾಡೋದು ಬೇಡ ಅನ್ನಿಸಿತು. ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ರಿಬ್ಬನ್ನು ತುಂಡು ಮಾಡುವ ಹಾಗೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆ. ಎರಡು ಕಡೆಯೂ ನೇರ ಕಟ್. ಎಲೆಗಳನ್ನು ತೆಗೆದು, ಕಂತೆ ಕಟ್ಟಿ, ಬಾಟಲಿಗಳಿಗೆ ಇಳಿಸಿದೆ. ನಿಮ್ಮ ಮಾವ ನೋಡಿ, "ಭೇಷ್, ಒಂದು ದಾರದಷ್ಟೂ ಹೆಚ್ಚುಕಮ್ಮಿ ಇಲ್ಲ" ಅಂದರು. ನಾನೂ ಹಿಗ್ಗಿದೆ. ಅವರೇನು ಕಮ್ಮಿಯೇ? ಕಲೆ ಕಂಡರೆ ಆಗದ ಮನುಷ್ಯ, ಗೆಡ್ಡೆಗಳನ್ನು ಅಗೆದು, ಬ್ರಷ್ ಹಾಕಿ ಉಜ್ಜಿ ತೊಳೆದು, ಇಸ್ತ್ರಿ ಮಾಡಿದ ಕೋಟು ಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಇಟ್ಟರು. ಗಂಡ ಹೆಂಡತಿ ಇಬ್ಬರೂ ನಮ್ಮ ನಮ್ಮ ಕಸುಬನ್ನು ಚೊಕ್ಕಟವಾಗಿ ಮಾಡಿ, ಕೈ ತೊಳೆದುಕೊಂಡು ಊಟಕ್ಕೆ ಕೂತೆವು.

ಆಮೇಲೆ ಅಂಗಡಿಯಲ್ಲಿ ವಾಸನೆ ಶುರುವಾಯಿತು. ಬಂದವರು ಮೂಗು ಅರಳಿಸಿ ಒಬ್ಬರ ಮುಖ ಒಬ್ಬರು ನೋಡುವರು. ಚೀಲ ಬಿಚ್ಚಿದರೆ ಗೆಡ್ಡೆಗಳು ಕೊಳೆತು ಅಂಬಲಿಯಾಗಿದ್ದವು. ಬಾಟಲಿಗಳಲ್ಲಿ ಕೆಲವು ಕಡ್ಡಿ ಬಿಳಿ ಬೇರು ಬಿಟ್ಟು ಮುದ್ದಾಗಿ ನಿಂತಿದ್ದರೆ, ಪಕ್ಕದವು ಲೋಳೆಯಾಗಿದ್ದವು. ನೀರು ಬದಲಾಯಿಸಿದೆ, ಕಿಟಕಿ ಬದಲಾಯಿಸಿದೆ, ನಿಮ್ಮ ಮಾವನ ಮೇಲೆ ರೇಗಿದೆ. ಅವರೂ ಸುಮ್ಮನಿರದೆ, ನೀನು ಕತ್ತರಿಸಿದ್ದೇ ಸರಿಯಿಲ್ಲ ಅಂದರು. ಎರಡು ದಿನ ಮಾತಿಲ್ಲ, ಕತೆಯಿಲ್ಲ, ಕತ್ತರಿ ಬೇಕಾದರೂ ಬೆರಳಿನಲ್ಲೇ ತೋರಿಸುವರು. ಕೊನೆಗೆ ಗಿಡದ ನರ್ಸರಿಯವಳು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವಳು ಬಾಟಲಿ ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಅರ್ಧಕ್ಕರ್ಧ ತಲೆಕೆಳಗೆ ನಿಲ್ಸಿದೀರಲ್ಲ! ಬುಡದ ಕಡೆ ಕೆಳಗೆ ಇದ್ರೆ ತಾನೇ ಬದುಕೋದು?" ಅಂದಳು. ನೋಡು, ಮಖಮಲ್ಲಿಗೆ ಮೇಲು ಕೆಳಗು ಇರುತ್ತದೆ, ತಿರುಗಿಸಿ ಕತ್ತರಿಸಿದರೆ ಬಣ್ಣವೇ ಬೇರೆ ಕಾಣುತ್ತದೆ ಅಂತ ಕೆಲಸ ಕಲಿಯಲು ಬಂದವರಿಗೆಲ್ಲ ಪಾಠ ಹೇಳಿದವಳು ನಾನು. ಜೀವ ಇರುವ ಬಳ್ಳಿಗೆ ಮೇಲು ಕೆಳಗು ಇದೆ ಅನ್ನೋದು ಹೊಳೆಯಲಿಲ್ಲ.

ಹಸಿರಿನದು ಏಳೆಂಟು ಉಳಿದವು. ಕರಿಯದು ಒಂದೂ ಉಳಿಯಲಿಲ್ಲ. ಅವಳು ನಗುತ್ತಾ ಹೋದಮೇಲೆ ನಾನು ಟ್ರಯಲ್ ರೂಮಿನೊಳಗೆ ಹೋಗಿ ಪರದೆ ಎಳೆದುಕೊಂಡು ಅತ್ತೆ. ಮಗ ತೀರಿಹೋದ ಈ ಮೂರು ವರ್ಷದಲ್ಲಿ ಅಷ್ಟು ಅತ್ತಿರಲಿಲ್ಲ. ಅವನು ಆ ಬಳ್ಳಿ ತಂದ ದಿನ ನಿನಗೂ ನೆನಪಿರಬೇಕು. ಬಾಲ್ಕನಿಯ ತುಕ್ಕು ಹಿಡಿದ ಕಂಬಿ ಮುಚ್ಚಲು ಹೂವಿನ ಗಿಡ ತಾರೋ ಅಂದರೆ, ಈ ಎರಡು ಕುಂಡ ಹೊತ್ತು ತಂದ. ಗೆಣಸಾದರೂ ತಿನ್ನಬಹುದೇನೋ ಅಂದರೆ, "ತಿನ್ನೋಕಲ್ಲಮ್ಮ, ನೋಡೋಕೆ" ಅಂದ. ಬೋರ್ಡು ಬರೆಯುವವನಲ್ಲವೇ, "ಕರಿ ಮೇಲೆ ಗಿಳಿಹಸಿರು ಬರೆದ್ರೆ ರಸ್ತೆ ಆ ಕಡೆಯಿಂದ್ಲೂ ಕಾಣುತ್ತೆ" ಅಂತ ಎರಡನ್ನೂ ಹೆಣೆದು ಇಳಿಬಿಟ್ಟ. ಅವನು ಹೋದಮೇಲೆ ಪ್ರತಿ ಚಳಿಗಾಲಕ್ಕೂ ನೀನು ಕಡ್ಡಿ ಕಡ್ಡಿಯಾಗಿ ಅದನ್ನು ದಾಟಿಸಿದೆ. ನನ್ನ ಕೈಯಲ್ಲಿ ಒಂದು ಚಳಿಗಾಲವೂ ದಾಟಲಿಲ್ಲ.

ನಾಲ್ಕು ದಿನ ಬಿಟ್ಟು ಗುಂಡಿ ತರಲು ಹೊರಟವಳು ಕ್ಷೌರದ ಕಟಿಂಗ್ ಶಾಪಿನ ಮುಂದೆ ನಿಂತುಬಿಟ್ಟೆ. ಆ ದಾರಿಯಲ್ಲಿ ನಾನು ಹೋಗುವುದು ಕಮ್ಮಿ, ಯಾಕೆ ಅಂತ ನಿನಗೆ ಗೊತ್ತು, ಆ ಕುರ್ಚಿಯಲ್ಲಿ ಮಗ ಕೂತು ಹರಟುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ಗಾಜಿನ ಕಿಟಕಿಯೊಳಗೆ, ಪೌಡರಿನ ಡಬ್ಬ, ಬಾಚಣಿಗೆಗಳ ಮೇಲೆಲ್ಲ ಕರಿ ಎಲೆ ಹಬ್ಬಿಕೊಂಡು ಬಿದ್ದಿದೆ! ಒಳಗೆ ನುಗ್ಗಿದೆ. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಬೆಚ್ಚಿಬಿದ್ದ. ಇದು ಎಲ್ಲಿಯದು ಅಂತ ಕೇಳಿದರೆ, "ನಿಮ್ಮ ಸೊಸೇನೇ ಹೋದ ಬೇಸಿಗೇಲಿ ಒಂದು ಕಡ್ಡಿ ಕೊಟ್ಟಿದ್ರಲ್ಲಮ್ಮ" ಅಂದರು ಶಾಪಿನವರು. ನಾನು ನಮ್ಮ ಮನೆಯದು ಸತ್ತುಹೋಯಿತು ಅಂತ ಹೇಳಿ ಗಳಗಳ ಅಳತೊಡಗಿದೆ. ಅವರು ಸೋಪಿನ ಕೈ ಒರೆಸಿಕೊಂಡು, "ನಿಮ್ಮನೇಲಿ ಸತ್ತಿದ್ದು ಇದಕ್ಕೇನು ಗೊತ್ತಮ್ಮ? ಇದ್ರ ಪಾಡಿಗೆ ಇದು ಬೆಳೀತಾ ಇದೆ" ಅಂದರು. ಅಳುವಾಗಲೇ ನಗು ಬಂತು. ಎಳೆಯ ತುದಿಗಳನ್ನು ಕತ್ತರಿಸಿ ಕೊಟ್ಟರು. ನನ್ನ ಪ್ರತಾಪ ಕೇಳಿದ್ದರಿಂದ, ಬುಡದ ಕಡೆ ಓರೆಯಾಗಿ ಕತ್ತರಿಸಿ, "ಓರೆ ಇರೋದು ನೀರಿಗೆ" ಅಂತ ಎರಡು ಸಲ ಹೇಳಿಸಿಕೊಂಡೇ ಕಳಿಸಿದರು. ಈಗ ಅವೆಲ್ಲ ಬೇರು ಬಿಟ್ಟು ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಕಿಟಕಿಯಲ್ಲಿವೆ. ನಿಮ್ಮ ಮಾವ ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಾರೆ, ಮುಟ್ಟಲು ಮಾತ್ರ ನಾನು ಬಿಡುವುದಿಲ್ಲ. ಮತ್ತೆ ತೊಳೆದಾರು.

ಈಗ ನನ್ನ ಕೆಲಸದ ಮಾತು. ಅಲ್ಲಿ ಕೊಡುತ್ತೇವೆ ಅಂದ ಆ ಕೆಲಸಕ್ಕೆ ಹೂಂ ಅನ್ನು. ನಾವಿಬ್ಬರೂ ಕೈಲಾಗದವರಲ್ಲ. ದಿನಾ ಜಗಳ ಆಡುವಷ್ಟು ಗಟ್ಟಿಯಾಗಿದ್ದೇವೆ, ಅಂಗಡಿಗೆ ಬರುವವರಿಗೆ ಕೊರತೆಯಿಲ್ಲ. ನಮ್ಮನ್ನು ನೋಡಬೇಕು ಅನ್ನಿಸಿದರೆ ಬಾ, ಇರು, ನಿನ್ನ ಕೋಣೆ ನಿನ್ನದೇ. ಆದರೆ ಅವನ ಬಳ್ಳಿಗೆ ನೀರು ಹಾಕಬೇಕು, ಅವನ ಅಪ್ಪ ಅಮ್ಮನನ್ನು ಕಾಯಬೇಕು ಅಂತ ಬರಬೇಡ. ಕೊಟ್ಟು ಕಳಿಸಿದ್ದೇ ಉಳಿಯಿತು, ಬಚ್ಚಿಟ್ಟುಕೊಂಡದ್ದು ಕೊಳೆಯಿತು, ಇದನ್ನು ಈ ಚಳಿಗಾಲ ನನ್ನ ಮೂಗು ಹಿಡಿದು ಕಲಿಸಿದೆ.

ಇನ್ನೊಂದು ಮಾತು, ಅಡ್ಡಗೋಡೆ ಮೇಲೆ ದೀಪ ಇಡದೆ ನೇರ ಕೇಳುತ್ತೇನೆ. ಮೊದಮೊದಲು ನಿನ್ನ ಫೋನಿನ ಮಾತಿನಲ್ಲಿ ಪ್ಲಾಸ್ಟರ್ ಕಲಸುವವನೊಬ್ಬ ಬರುತ್ತಿದ್ದ. ಅವನು ಹಾಗಂದ, ಹೀಗೆ ನಗಿಸಿದ, ಕೆಮ್ಮು ಬಂದಾಗ ಬಿಸಿನೀರು ತಂದುಕೊಟ್ಟ ಅನ್ನುತ್ತಿದ್ದೆ. ಒಂದು ಸಲ, ಬಸ್ ನಿಲ್ದಾಣದವರೆಗೆ ಜೊತೆಗೆ ಬರ್ತಾನೆ ಅಂದೆ. ಅವತ್ತು ನಿಮ್ಮ ಮಾವ ಇಸ್ತ್ರಿ ಆರಿಸಿ ಎದ್ದು ಹೊರಗೆ ಹೋದರು. ಬಾಗಿಲ ಸದ್ದು ನಿನಗೂ ಕೇಳಿಸಿತು. ಅವತ್ತಿನಿಂದ ಅವನು ನಿನ್ನ ಮಾತಿನಲ್ಲಿ ಬರಲೇ ಇಲ್ಲ. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದೆ ಕಣೇ, ನನ್ನಂಥವಳ ಕಣ್ಣು ತಪ್ಪಿಸುವುದು ಕಷ್ಟ. ಅವನು ನಿನಗೆ ಬೇಕು ಅನ್ನಿಸಿದರೆ ನನ್ನ ಕಡೆಯಿಂದ ಅಡ್ಡಿಯಿಲ್ಲ. ಇದನ್ನು ಬರೆಯುವಾಗ ಸಂಕಟ ಆಗುತ್ತಿದೆ, ಆಗುವುದಿಲ್ಲ ಅಂದರೆ ಸುಳ್ಳು. ಆದರೂ ಮನಸ್ಸಿನಿಂದ ಬರೆಯುತ್ತಿದ್ದೇನೆ. ನಿಮ್ಮ ಮಾವನ ಬಗ್ಗೆ ನಾನು ಮಾತು ಕೊಡಲಾರೆ. ಮಗನ ಹೆಸರೆತ್ತಿದರೆ ಇವತ್ತಿಗೂ ಮುಖ ತಿರುಗಿಸಿಕೊಂಡು ಇಸ್ತ್ರಿ ಒತ್ತುತ್ತಾರೆ, ಅದೇ ಅಂಗಿಗೆ ಎರಡನೇ ಸಲ. ಅವರ ಮಾತಿಲ್ಲದೆ ನೀನು ಒಂದು ಹೆಜ್ಜೆ ಇಡುವವಳಲ್ಲ ಅಂತಲೂ ಗೊತ್ತು. ಸ್ವಲ್ಪ ತಾಳು, ಸಮಯ ನೋಡಿ ಕೇಳುತ್ತೇನೆ.

ಇದರ ಜೊತೆ ಪೊಟ್ಟಣದಲ್ಲಿ ಕರಿ ಎಲೆಯದೊಂದು ಕಡ್ಡಿ ಕಳಿಸುತ್ತಿದ್ದೇನೆ, ಒದ್ದೆ ಬಟ್ಟೆ ಸುತ್ತಿ. ದಾರಿಯಲ್ಲಿ ಬಾಡಿದ್ದರೆ ಹೆದರಬೇಡ, ನೀರಿಗೆ ಹಾಕಿದರೆ ತಲೆಯೆತ್ತುತ್ತದೆ. ಬುಡದ ಕಡೆ ಕೆಂಪು ದಾರ ಕಟ್ಟಿದ್ದೇನೆ. ನಿನಗೆ ಅದು ಬೇಕಿಲ್ಲ, ನನ್ನ ಸಮಾಧಾನಕ್ಕೆ. ಕೆಮ್ಮಿಗೆ ಔಷಧಿ ತಗೋ, ಹೊತ್ತು ಹೊತ್ತಿಗೆ ಊಟ ಮಾಡು. ನೂರು ಕಾಲ ನಗುನಗುತ್ತಾ ಬಾಳು ತಾಯಿ.

ನಿನ್ನ ಬಾಯಿಬಡುಕಿ ಅತ್ತೆ

ತಾ.ಕ.: ಪೊಟ್ಟಣ ಒಯ್ಯುವ ಬಸ್ಸಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಗೀಚುತ್ತಿದ್ದೇನೆ. ಕಾಗದವನ್ನು ಮೇಜಿನ ಮೇಲೆ ಬಿಟ್ಟು ಕೆಳಗೆ ಗಿರಾಕಿಯ ಹತ್ತಿರ ಹೋಗಿದ್ದೆ. ನಿಮ್ಮ ಮಾವ ಮೇಲಿನಿಂದ "ಕತ್ತರಿ ಎಲ್ಲೇ?" ಅಂತ ಕೂಗಿದರು. ಈ ಹೊತ್ತಿನಲ್ಲಿ ಯಾವ ಗುಂಡಿ ಅಂತ ಬೈಯುತ್ತಾ ಹತ್ತಿ ಬಂದರೆ, ಕನ್ನಡಕ ಹಾಕಿಕೊಂಡು ಕೂತಿದ್ದಾರೆ, ಕಾಗದ ನಾನಿಟ್ಟ ಹಾಗಿಲ್ಲ. ಪೊಟ್ಟಣವೂ ಬಿಚ್ಚಿದೆ. ನನ್ನ ಕಡ್ಡಿಯ ಪಕ್ಕದಲ್ಲಿ ಇನ್ನೊಂದು ಕಡ್ಡಿ, ಅದರ ಬುಡಕ್ಕೆ ಗುಂಡಿ ಹೊಲಿಯುವ ಬಿಳಿ ದಾರ ಸುತ್ತಿ, ಕಚ್ಚಿ ಹರಿಯಲಾಗದೆ ಹಿಡಿದುಕೊಂಡಿದ್ದಾರೆ. ನಾನೇ ಕತ್ತರಿಸಿ ಕೊಟ್ಟೆ. ನನ್ನ ಮುಖ ನೋಡದೆ ಹೇಳಿದರು: "ಆ ಪ್ಲಾಸ್ಟರಿನವನಿಗೂ ಒಂದು ಇರ್ಲಿ. ದಾರ ಕಟ್ಟಿದ ಕಡೆ ಕೆಳಗೆ ಅಂತ ಬರಿ. ನಿನ್ನ ಹಾಗೆ ತಲೆಕೆಳಗೆ ನೆಟ್ಟಾನು."